ಹಿಮ್ಲಿಯ ಸೊಟ್ಟ ಮನೆ

ಕೇಳುಗರೇ, ನಮಸ್ಕಾರ. ಮೇಸ್ತ್ರಿಗಳು ತೂಗುಗುಂಡು, ರಸಮಟ್ಟ ಹಿಡಿದು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಾರಲ್ಲ, ಆ ಪರೀಕ್ಷೆಯಲ್ಲಿ ಫೇಲಾಗಿಯೇ ಹೆಸರು ಮಾಡಿದ ಪಬ್ ಒಂದು ಇಂಗ್ಲೆಂಡಿನಲ್ಲಿತ್ತು. ಸ್ಟ್ಯಾಫರ್ಡ್‌ಶೈರ್‌ನ ಹಿಮ್ಲಿ ಹಳ್ಳಿಯ ಹತ್ತಿರ. ಹೆಸರು ಕ್ರೂಕೆಡ್ ಹೌಸ್, ಸೊಟ್ಟ ಮನೆ.

1765ರಲ್ಲಿ ಕಟ್ಟಿದಾಗ ಅದು ನೆಟ್ಟಗೇ ಇದ್ದ ಒಂದು ರೈತನ ಮನೆ. ಆದರೆ ಆ ಸೀಮೆಯ ನೆಲದಡಿ ಪೂರ್ತಿ ಕಲ್ಲಿದ್ದಲು. ಕೆಲವು ಕಡೆ ಪದರವೇ 30 ಅಡಿ ದಪ್ಪ. ಅಷ್ಟನ್ನು ಅಗೆದು ತೆಗೆದರೆ ಮೇಲಿನ ನೆಲ ಸುಮ್ನೆ ಇರುತ್ತದೆಯೇ? ಮನೆಯ ಒಂದು ತುದಿ ಇಳಿಯುತ್ತಾ ಹೋಗಿ, ಇನ್ನೊಂದಕ್ಕಿಂತ ಸುಮಾರು 4 ಅಡಿ ಕೆಳಗೆ ಬಂತು. ವಾಲಿದ್ದು ಹತ್ತಿರ ಹತ್ತಿರ 15 ಡಿಗ್ರಿ. ಪೀಸಾ ಗೋಪುರ ಈಗ ವಾಲಿರುವುದು 4 ಡಿಗ್ರಿಯಷ್ಟೇ!

1830ರ ಸುಮಾರಿಗೆ ಅಲ್ಲಿ ಪಬ್ ಶುರುವಾಯಿತು. 1940ರ ದಶಕದಲ್ಲಿ, ಇದು ಅಪಾಯ, ಕೆಡವಬೇಕು ಎಂಬ ಮಾತು ಬಂತು. ಒಂದು ಬಿಯರ್ ಕಂಪನಿ ಕೊಂಡು ಉಳಿಸಿತು. ಉಳಿಸಿದ ಬಗೆ ನನಗೆ ತುಂಬಾ ಇಷ್ಟ. ಮನೆಯನ್ನು ಎತ್ತಿ ನೆಟ್ಟಗೆ ಮಾಡಲಿಲ್ಲ. ಗೋಡೆಗೆ ಇಟ್ಟಿಗೆಯ ದಪ್ಪ ಆಸರೆ ಕಟ್ಟಿ, ಕಬ್ಬಿಣದ ತೊಲೆ ಕೊಟ್ಟು, ವಾಲಿದ ಹಾಗೆಯೇ ಬಿಗಿ ಮಾಡಿದರು.

ಒಳಗೆ ಕಾಲಿಟ್ಟರೆ ಕುಡಿಯುವ ಮೊದಲೇ ಅಮಲು. ಕಿಟಕಿ ಓರೆ, ಬಾಗಿಲು ಓರೆ. ಗೋಡೆ ಗಡಿಯಾರ ನೆಟ್ಟಗೆ ತೂಗಿದರೂ ಅದೇ ಸೊಟ್ಟಗೆ ಕಾಣುತ್ತಿತ್ತು. ಮೇಜಿನ ಮೇಲೆ ಗೋಲಿ ಬಿಟ್ಟರೆ ಏರಿನ ಕಡೆ ಉರುಳುತ್ತಿತ್ತು! ನಿಜವಾಗಿ ಅದು ಇಳಿಜಾರಿನಲ್ಲೇ ಹೋಗುತ್ತಿತ್ತು. ನಮ್ಮ ಕಣ್ಣು ಗೋಡೆ ನೆಟ್ಟಗಿದೆ ಎಂದು ನಂಬಿಬಿಡುತ್ತದೆ ಅಲ್ವಾ, ಅದರ ಲೆಕ್ಕದಲ್ಲಿ ಮೇಜಿನ ಇಳಿಜಾರು ಏರಾಗಿ ಕಾಣುತ್ತದೆ.

2023ರ ಆಗಸ್ಟ್ 5ರ ರಾತ್ರಿ ಪಬ್ಬಿಗೆ ಬೆಂಕಿ ಬಿತ್ತು. 7ರಂದು ಉಳಿದ ಗೋಡೆಗಳನ್ನೂ ಯಂತ್ರ ತಂದು ಕೆಡವಿದರು. ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಜನ ಸಿಟ್ಟಾದರು. 2024ರ ಫೆಬ್ರವರಿಯಲ್ಲಿ ಸ್ಥಳೀಯ ಕೌನ್ಸಿಲ್ ಆದೇಶ ಹೊರಡಿಸಿತು: ಬೆಂಕಿಗೆ ಮುಂಚೆ ಹೇಗಿತ್ತೋ ಹಾಗೆಯೇ, 3 ವರ್ಷದೊಳಗೆ ಮತ್ತೆ ಕಟ್ಟಿಕೊಡಿ.

ಹಾಗೆಯೇ ಅಂದರೆ ಸೊಟ್ಟಗೇ. ಗಣಿ ತಾನಾಗಿ ಮಾಡಿದ್ದನ್ನು ಈಗ ಇಂಜಿನಿಯರು ಡಿಗ್ರಿ ಅಳೆದು ಮಾಡಬೇಕು. ಅಡಿಪಾಯ ಕದಲಬಾರದು, ಗೋಡೆ ಮಾತ್ರ ವಾಲಬೇಕು, ಕಿಟಕಿ ಬಾಗಿಲುಗಳೂ ಅದಕ್ಕೆ ತಕ್ಕ ಓರೆಯಲ್ಲಿ ಕೂರಬೇಕು. ಮಾಲೀಕರು ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಿದರು.