ನಾರಣಪ್ಪನ ಹೆಣ ಏನಾಯ್ತು ಹೇಳಿ ನೋಡೋಣ

ಯು.ಆರ್. ಅನಂತಮೂರ್ತಿ ಅವರ 'ಸಂಸ್ಕಾರ' ಕಾದಂಬರಿ ಬಗ್ಗೆ ಬಾಯ್ ಬಿಟ್ರೆ ಸಾಕು, ಮೊದಲು ಬರೋ ಪ್ರಶ್ನೆ ಇದೇ: ಅಗ್ರಹಾರದ ದೊಡ್ಡ ಪಂಡಿತರು ಪ್ರಾಣೇಶಾಚಾರ್ರು ಕೊನೆಗೆ ಅಗ್ರಹಾರಕ್ಕೆ ಹೋಗಿ ಎಲ್ಲಾ ಹೇಳ್ಬಿಡ್ತಾರಾ ಇಲ್ವಾ? ನಾನು ಫಸ್ಟ್ ಟೈಮ್ ಓದಿ ಮುಗಿಸಿದಾಗ ಕೊನೇ ಹಾಳೆ ಯಾರೋ ಹರ್ಕೊಂಡಿದಾರೆ ಅಂತಾನೇ ಅನ್ಕೊಂಡೆ, ಲೈಬ್ರರಿ ಪುಸ್ತಕ ಬೇರೆ. ಆಚಾರ್ರು ಗಾಡಿ ಹತ್ತಿದ್ರು, ಇನ್ನು ನಾಲ್ಕೈದು ಗಂಟೆ ದಾರಿ, ಅಷ್ಟೇ, ಮುಗೀತು.

ಹಂಗೆ ಕೇಳೋರಿಗೆ ನಾನು ತಿರುಗಿಸಿ ಒಂದು ಪ್ರಶ್ನೆ ಕೇಳ್ತೀನಿ. ಆಚಾರ ಎಲ್ಲಾ ಬಿಟ್ಟಿದ್ದ ಬ್ರಾಹ್ಮಣ ನಾರಣಪ್ಪ ಸತ್ತ, ಅವನ ಸಂಸ್ಕಾರ ಯಾರು ಮಾಡ್ಬೇಕು ಅನ್ನೋದ್ರಿಂದಾನೇ ಕಥೆ ಶುರು. ಸರಿ, ನಾರಣಪ್ಪನ ಹೆಣ ಏನಾಯ್ತು?

ಸುಮಾರು ಜನ ತಡವರಿಸ್ತಾರೆ. ಅಲ್ಲೇ ಕೊಳೀತಾ ಇತ್ತಲ್ವಾ ಅಂತಾರೆ. ಇಲ್ಲಾರೀ! ಕಾದಂಬರಿ ಅರ್ಧದಲ್ಲೇ ಅದನ್ನ ಸುಟ್ಟಾಗಿದೆ. ನಾರಣಪ್ಪ ಇಟ್ಕೊಂಡಿದ್ದ ಚಂದ್ರಿ ರಾತ್ರಿ ಹೋಗಿ ಗಾಡಿ ಶೇಷಪ್ಪನ್ನ ಕೇಳ್ತಾಳೆ, ಬ್ರಾಹ್ಮಣರ ಹೆಣ ನಾನ್ ಮುಟ್ಟಲ್ಲ ಅಂತ ಅವನು ಕೈ ಎತ್ತಿಬಿಡ್ತಾನೆ, ಆಮೇಲೆ ಮೀನು ಮಾರೋ ಅಹಮದ್ ಬ್ಯಾರಿ ಹತ್ರ ಹೋಗ್ತಾಳೆ, ಅವನಿಗೆ ಹಿಂದೆ ಎತ್ತು ಕೊಳ್ಳೋಕೆ ನಾರಣಪ್ಪ ಸಾಲ ಕೊಟ್ಟಿದ್ದ, ಆ ಋಣಕ್ಕೆ ಬಂದು ಹೆಣ ಗಾಡಿಗೆ ಹಾಕ್ಕೊಂಡು ಹೋಗಿ ಸುಟ್ಟುಬರ್ತಾನೆ. ಚಂದ್ರಿ ಯಾರಿಗೂ ಹೇಳದೆ ಕುಂದಾಪುರದ ದಾರಿ ಹಿಡೀತಾಳೆ.

ಅಂದ್ರೆ ಇಡೀ ಅಗ್ರಹಾರ ಊಟ ಬಿಟ್ಟು ಕೂತಿದೆ, ಆಚಾರ್ರು ತಾಳೆಗರಿ ತಿರುವಿ ತಿರುವಿ ಸುಸ್ತಾಗಿದಾರೆ, ಚಂದ್ರಿ ಒಡವೆ ಬಿಚ್ಚಿಟ್ಟಿದ್ದೇ ತಡ ಬೇಡ ಬೇಡ ಅಂತಿದ್ದೋರೇ ಸಂಸ್ಕಾರ ಮಾಡೋಕೆ ನಾ ಮುಂದು ತಾ ಮುಂದು ಅಂತಿದಾರೆ. ಆ ಧರ್ಮಸಂಕಟ ಒಂದೇ ರಾತ್ರೀಲಿ ಒಂದು ಎತ್ತಿನ ಗಾಡೀಲಿ ಮುಗ್ದೋಗಿದೆ. ಓದೋ ನಮಗೆ ಗೊತ್ತು. ಆಚಾರ್ರಿಗೆ ಗೊತ್ತಿಲ್ಲ.

ಈಗ ಆ ಕೊನೇ ಗಾಡಿ ಪ್ರಯಾಣ ಇನ್ನೊಂದ್ಸಲ ಓದಿ. ಹೆಣದ ವಿಚಾರ ಅವರಿಗಾಗಿ ಅಲ್ಲಿ ಕಾದಿಲ್ಲ. ಉಳಿದಿರೋದು ಅವರದೇ ವಿಷ್ಯ, ಕಾಡಲ್ಲಿ ಚಂದ್ರಿ ಜೊತೆ ಆಗಿದ್ದು, ಹೆಂಡತಿ ಸತ್ತ ಸೂತಕದಲ್ಲೇ ಮೇಳಿಗೆ ಜಾತ್ರೇಲಿ ದೇವಸ್ಥಾನದ ಪಂಕ್ತೀಲಿ ಕೂತು ಉಂಡಿದ್ದು. ಹೇಳಿದ್ರೂ ಬಿಟ್ರೂ ನಾರಣಪ್ಪನಿಗೆ ಏನೂ ಆಗ್ಬೇಕಾಗಿಲ್ಲ. ಅದಕ್ಕೇ ಹೇಳ್ತಾರಾ ಇಲ್ವಾ ಅನ್ನೋದಕ್ಕಿಂತ, ಯಾರಿಗೋಸ್ಕರ ಹೇಳ್ತಾರೆ ಅಂತ ಕೇಳಿದ್ರೆ ನನಗೆ ಇನ್ನೂ ಮಜಾ ಬರತ್ತೆ.

ಇನ್ನೊಂದು ಪ್ರಶ್ನೆ, ಇಲಿ ಹಂಗೆ ಬಿದ್ದು ಸಾಯ್ತಿದ್ರೂ ಪ್ಲೇಗು ಅಂತ ಯಾಕೆ ಗೊತ್ತಾಗಲ್ಲ? ನಾರಣಪ್ಪ ಶಿವಮೊಗ್ಗಕ್ಕೆ ಹೋಗಿಬಂದು ಜ್ವರ ಬಂದು ಗಡ್ಡೆ ಎದ್ದು ಸತ್ತಿರೋದು. ಆದ್ರೆ ಅಗ್ರಹಾರದೋರ ತಲೇಲಿರೋದು ಪಾಪ, ಶಾಪ, ಮಠ. ಎದುರಿಗೆ ಬಿದ್ದ ಇಲಿ ಅಪಶಕುನವಾಗಿ ಕಾಣತ್ತೇ ಹೊರತು ರೋಗವಾಗಿ ಕಾಣಲ್ಲ. ಪೋಸ್ಟ್ ಕೋವಿಡ್ ನಮಗೆ ಇದೇನ್ ಹೊಸದಲ್ಲ ಬಿಡಿ.

ಆಮೇಲೆ, ಕಾದಂಬರಿ ಸ್ವೀಡನ್ನಿನ ಡೈರೆಕ್ಟರ್ ಬರ್ಗ್‌ಮನ್ ಸಿನಿಮಾ ಕಾಪಿ ಅಂತೆ ಹೌದಾ ಅಂತಾರೆ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಲ್ಲಿ ಪಿಎಚ್‌ಡಿ ಮಾಡ್ತಿದ್ದಾಗ 'ದಿ ಸೆವೆಂತ್ ಸೀಲ್' ನೋಡಿದ್ದು ನಿಜ, ಅದೂ ಸಬ್‌ಟೈಟಲ್ ಇಲ್ದೆ, ಅದನ್ನ ಅವರೇ ಹೇಳ್ಕೊಂಡಿದಾರೆ. ಪ್ಲೇಗು ಅಲ್ಲೂ ಇದೆ. ಆದ್ರೆ ಈ ಒಡವೆ ಜಗಳ, ಸೂತಕದ ಊಟ ಸ್ವೀಡನ್ನಿಂದ ಬರೋಕಾಗತ್ತಾ?

ದಾರೀಲಿ ಜೊತೆಯಾಗೋ ಪುಟ್ಟ ಯಾರು, ಆಚಾರ್ರಿಗೆ ಯಾಕಂಗೆ ಅಂಟ್ಕೋತಾನೆ ಅಂತಾನೂ ಕೇಳ್ತಿರ್ತೀರಾ. ಅದಕ್ಕೆ ಬೇರೆ ಎಪಿಸೋಡೇ ಬೇಕು, ಆ ಮನುಷ್ಯ ಶುರು ಮಾಡಿದ್ರೆ ಬಾಯಿ ಮುಚ್ಚಲ್ಲ.