ಸಂತ ಜೂಡರಿಗೆ ಲೆಕ್ಕ ಒಪ್ಪಿಸಬೇಕಿಲ್ಲ

ಕೇಳುಗರಿಗೆ ನಮಸ್ಕಾರ. ಬೆಳಗಿನ ಹೊತ್ತು. ಕೆಲವರು ಒಗ್ಗರಣೆ ಹಾಕುತ್ತಾ ಕೇಳುತ್ತಿರಬಹುದು. ಕೆಲವರು ಆಸ್ಪತ್ರೆಯಲ್ಲಿ, ಮನೆಯವರ ಹಾಸಿಗೆ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿರಬಹುದು. ಆಸ್ಪತ್ರೆಯಲ್ಲಿರುವವರಿಗಾಗಿಯೇ ನಾನು ಇವತ್ತು ಬಂದಿದ್ದೇನೆ.

ಬೆಂಗಳೂರಿನಲ್ಲಿ ಯಾವ ಜಾತಿ, ಯಾವ ಧರ್ಮದವರೇ ಆಗಲಿ, ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಬೆಸಿಲಿಕಾ ಚರ್ಚಿಗೆ ಹೋಗಿ ಯೇಸುವಿನ ತಾಯಿ ಮರಿಯಮ್ಮನವರಿಗೆ ಮೇಣದಬತ್ತಿ ಹಚ್ಚುತ್ತಾರೆ. ಏನಾದರೂ ಕಳೆದುಹೋದರೆ ಸಂತ ಅಂತೋಣಿಯವರನ್ನು ಕೇಳುತ್ತಾರೆ. ಇನ್ನು ದಾರಿಯೇ ಇಲ್ಲ ಅನ್ನಿಸಿದಾಗ ನಮ್ಮವರು ಕೂಗುವುದು ಸಂತ ಜೂಡರನ್ನು.

ಇವರು ಯೇಸುಸ್ವಾಮಿಯ 12 ಜನ ಪ್ರೇಷಿತರಲ್ಲಿ, ಅಂದರೆ ಮುಖ್ಯ ಶಿಷ್ಯರಲ್ಲಿ, ಒಬ್ಬರು. ಯೂದ, ತದ್ದಾಯ ಎಂದೂ ಕರೆಯುತ್ತಾರೆ. ತೊಂದರೆ ಆಗಿದ್ದೇ ಹೆಸರಿನಿಂದ. 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ ಇಸ್ಕರಿಯೋತನೂ ಯೂದನೇ ಅಲ್ವಾ? ಬೈಬಲ್‌ನಲ್ಲಿ ಯೊವಾನ್ನರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ನಮ್ಮ ಜೂಡರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ. ಅಲ್ಲೂ 'ಇಸ್ಕರಿಯೋತನಲ್ಲದ ಯೂದ' ಎಂದು ಬಿಡಿಸಿ ಹೇಳಬೇಕಾಯಿತು. ಆ ಹೆಸರಿಗೆ ಹೆದರಿ ಜನ ಇವರ ಕಡೆ ತಿರುಗಲೇ ಇಲ್ಲ. ಯಾರೂ ಕರೆಯದ ಸಂತರು, ಯಾರೂ ಇಲ್ಲದವರು ಕರೆದರೆ ಓಡಿ ಬರುತ್ತಾರೆ ಎಂಬ ನಂಬಿಕೆ ಹುಟ್ಟಿದ್ದು ಹೀಗೆ ಎನ್ನುತ್ತಾರೆ.

ನಾನು ಹೇಳಬೇಕಾದ್ದು ಒಂದೇ ಮಾತು. ಅವರನ್ನು ಸುಮ್ನೆ ಕೇಳಿ. ಹೆದರಿಕೊಂಡು ಕೇಳಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಚರ್ಚಿಗೆ ಒಬ್ಬ ತಾಯಿ ಬರುತ್ತಾರೆ. ರಸೆಲ್ ಮಾರ್ಕೆಟ್ ಹತ್ತಿರ ಹೂವು ಮಾರುತ್ತಾರೆ. ಗಂಡನಿಗೆ ಎರಡೂ ಕಿಡ್ನಿ ಹೋಗಿ ವಾರಕ್ಕೆ 3 ಸಲ ಡಯಾಲಿಸಿಸ್. ಒಂದು ದಿನ ಅವರಿಗೆ ಬೆಂಚಿನ ಮೇಲೆ ಒಂದು ಚೀಟಿ ಸಿಕ್ಕಿತು. ಸಂತ ಜೂಡರ ಜಪ. ಕೆಳಗೆ, ಇದನ್ನು ದಿನಕ್ಕೆ 9 ಪ್ರತಿಯಂತೆ 9 ದಿನ ಚರ್ಚಿನಲ್ಲಿ ಇಡಬೇಕು, ತಪ್ಪಿಸಿದರೆ ಕೇಡು ಎಂದು ಬರೆದಿತ್ತು. ಒಟ್ಟು 81 ಪ್ರತಿ! ಜೆರಾಕ್ಸ್‌ಗೆ ದುಡ್ಡು ಯಾಕೆ ಅಂತ ಮಗಳ ಹಳೇ ನೋಟ್‌ಬುಕ್ ಹಾಳೆ ಹರಿದು ಕೈಯಲ್ಲೇ ಬರೆದರು. ರಾತ್ರಿ ಮೊಳ ಮೊಳ ಮಲ್ಲಿಗೆ ಕಟ್ಟಿ ಮುಗಿಸಿ, ಆಮೇಲೆ ಬರೆಯೋದು. ನಾನು ಆ ಹಾಳೆಗಳನ್ನು ನೋಡಿದ್ದೇನೆ. ಅಂಚಿನಲ್ಲಿ ಬಾಳೆನಾರಿನ ಕಲೆ. ದಿನ ಕಳೆದಂತೆ ಅಕ್ಷರ ಸೊಟ್ಟ ಆಗುತ್ತಾ ಹೋಗಿತ್ತು.

6ನೇ ದಿನ ಗಂಡನಿಗೆ ಉಸಿರಾಟ ಕಷ್ಟವಾಗಿ ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ. ಬರೆಯಲು ಆಗಲಿಲ್ಲ. ಮರುದಿನ ಚರ್ಚಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. "ಟೀಚರ್, ಒಂದು ದಿನ ತಪ್ಪೋಯ್ತು. ನನ್ನಿಂದಾನೇ ಅವರಿಗೆ ಹಿಂಗಾಯ್ತಾ?"

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆ ತಾಯಿಯ ಮೇಲಲ್ಲ, ಆ ಚೀಟಿ ಬರೆದವರ ಮೇಲೆ. "ಅಲ್ಲಮ್ಮ, ಜನ ನೂರಾರು ವರ್ಷ ತಮ್ಮನ್ನು ಮರೆತರೂ ಮುನಿಸಿಕೊಳ್ಳದ ಸಂತರು, ನಿನ್ನ 9 ಹಾಳೆಗೆ ಮುನಿಸಿಕೊಳ್ತಾರಾ?" ಅಂದೆ. ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಅವರು ಏನೂ ಬರೆಯಲಿಲ್ಲ, ಜಪವನ್ನೂ ಹೇಳಲಿಲ್ಲ. "ಸಾಕಾಗಿದೆ ಸ್ವಾಮಿ" ಅಂದರು, ಅಷ್ಟೇ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಗೊತ್ತಿಲ್ಲ. ಡಯಾಲಿಸಿಸ್ ಇವತ್ತಿಗೂ ನಡೆದಿದೆ. ಉಳಿದ ಹಾಳೆಗಳಲ್ಲಿ ಆಕೆ ಈಗ ಗಂಡನ ಬಿಪಿ, ತೂಕ ಬರೆದಿಟ್ಟು ಡಾಕ್ಟರಿಗೆ ತೋರಿಸುತ್ತಾರೆ.

ಸಮಯ ಮುಗಿಯುತ್ತಾ ಬಂತು. ಡ್ಯಾನಿ ಥಾಮಸ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಕೆಲಸವಿಲ್ಲದೆ ಒದ್ದಾಡುತ್ತಿದ್ದ ಅಮೆರಿಕದ ನಟ, ಸಂತ ಜೂಡರಿಗೆ ಹರಕೆ ಹೊತ್ತವರು. 1962ರಲ್ಲಿ ಮೆಂಫಿಸ್‌ನಲ್ಲಿ ಸಂತ ಜೂಡರ ಹೆಸರಿನಲ್ಲೇ ಮಕ್ಕಳ ಆಸ್ಪತ್ರೆ ತೆರೆದರು. ಅಲ್ಲಿ ಚಿಕಿತ್ಸೆಗೆ ಮನೆಯವರ ಕೈಗೆ ಬಿಲ್ಲು ಕೊಡುವುದಿಲ್ಲ.

ಸಂತ ಜೂಡರ ಹಬ್ಬ ಅಕ್ಟೋಬರ್ 28. 19ಕ್ಕೆ ನವೇನ, ಅಂದರೆ 9 ದಿನದ ಪ್ರಾರ್ಥನೆ, ಶುರು ಮಾಡಿದರೆ 27ಕ್ಕೆ 9 ದಿನ ಆಗುತ್ತದೆ. ನಡುವೆ ಒಂದು ದಿನ ತಪ್ಪಿತೋ, ಮರುದಿನ ಮುಂದುವರಿಸಿ. ಮೇಣದಬತ್ತಿ ಇಲ್ಲವೋ, ಬೇಡ. ಹೆದರಿಸುವ ಚೀಟಿ ಸಿಕ್ಕಿತೋ, ಹರಿದು ಹಾಕಿ, ಪಾಪ ನನಗಿರಲಿ. ವಾಟ್ಸಾಪ್‌ನಲ್ಲಿ ಬಂದರೂ ಅಷ್ಟೇ, ಯಾರಿಗೂ ಕಳಿಸಬೇಡಿ. ಡಾಕ್ಟರು ಬರೆದ ಮಾತ್ರೆ ಮಾತ್ರ ತಪ್ಪಿಸಬೇಡಿ. ನಮಸ್ಕಾರ.