ಕೂಲೆಂಟ್ ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಪುಣೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಕಾರಿನಲ್ಲಿ ಹೋಗುವ ನಮ್ಮವರಿಗೆ ಖಂಬಾಟ್ಕಿ ಘಾಟಿ ಗೊತ್ತೇ ಇದೆ. ಮೇ ತಿಂಗಳ ಬಿಸಿಲು, ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಏಸಿ. ಆ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದರೆ ಎಲ್ಲರೂ ಘಾಟಿಯನ್ನೇ ಬೈಯುತ್ತಾರೆ. ಆದರೆ ಎಷ್ಟೋ ಸಲ ಆ ತೊಂದರೆ ಮನೆಯ ಪಾರ್ಕಿಂಗಿನಲ್ಲೇ ಶುರುವಾಗಿರುತ್ತದೆ.

ಕೂಲೆಂಟ್ ಎಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ. ಅದು ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಸಣ್ಣ ಕಾರಿನಲ್ಲಿ ಸುಮಾರು 4ರಿಂದ 6 ಲೀಟರ್ ಇರುತ್ತದೆ, ಮುಚ್ಚಿದ ದಾರಿಯಲ್ಲೇ ಸುತ್ತುತ್ತದೆ. ಬಾನೆಟ್ಟಿನಡಿಯ ಕೂಲೆಂಟ್ ಬಾಟಲಿಯ ಮಟ್ಟ ವಾರವಾರವೂ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನಲ್ಲಿ ನೀರು ಸುರಿದು ಮಟ್ಟ ಸರಿಮಾಡುವುದು ರಿಪೇರಿಯಲ್ಲ. ಕೂಲೆಂಟ್ ತೆಳುವಾಗುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ.

ಗಾಡಿಯ ಕೆಳಗೆ ನೀರು ಕಂಡ ಕೂಡಲೇ ಗಾಬರಿಯೂ ಬೇಡ. ಏಸಿ ಹಾಕಿದ ಗಾಡಿ ತಿಳಿನೀರು ತೊಟ್ಟಿಕ್ಕುವುದು ಸಹಜ. ರಾತ್ರಿ ಎಂಜಿನ್ನಿನ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಕಲೆಗೆ ಹಸಿರೋ ಗುಲಾಬಿಯೋ ಬಣ್ಣವಿದ್ದು, ಬೆರಳಿಗೆ ಜಾರಿದಂತಾಗಿ, ಸಿಹಿಯಾದ ವಾಸನೆ ಬಂದರೆ ಅದು ಕೂಲೆಂಟ್. ನಾಲಿಗೆಗೆ ಮಾತ್ರ ತಾಗಿಸಬೇಡಿ, ಅದು ವಿಷ.

ಇನ್ನು ಬಾನೆಟ್ ಎತ್ತಿ, ಟಾರ್ಚ್ ಹಿಡಿದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಲಿ. ಸೋರಿದ ಕೂಲೆಂಟ್ ಒಣಗಿ ಬಿಳಚು ಪುಡಿಯಾಗಿ ಅಂಟಿಕೊಂಡಿರುತ್ತದೆ. ಹೋಸ್ ಪೈಪಿನ ಕ್ಲಿಪ್ಪಿನ ಸುತ್ತ, ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಕವಚದ ಜೋಡಿನಲ್ಲಿ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗ ಪ್ಲಾಸ್ಟಿಕ್ ಟ್ಯಾಂಕಿಗೆ ಸೇರುವ ಅಂಚಿನಲ್ಲಿ ಹುಡುಕಿ. ವಾಟರ್ ಪಂಪಿನ ಮೈಯಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಅಲ್ಲಿಂದ ಕೆಳಕ್ಕೆ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತನ್ನು ಮುಚ್ಚಬೇಡಿ, ಪಂಪನ್ನೇ ಬದಲಿಸಿ. ಜನವರಿಯ ಚಳಿಯ ಬೆಳಿಗ್ಗೆ ಮಾತ್ರ ತೊಟ್ಟಿಕ್ಕಿ, ಎಂಜಿನ್ ಕಾದ ಮೇಲೆ ನಿಂತುಹೋದರೆ ಮೊದಲ ಗುಮಾನಿ ಕ್ಲಿಪ್ಪಿನ ಮೇಲೆ.

ಕಣ್ಣಿಗೆ ಸಿಗದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಯಾವುದೇ ಪಾರ್ಟ್ ಕೊಳ್ಳುವ ಮುಂಚೆ ಇದು ಆಗಲೇಬೇಕು. ರೇಡಿಯೇಟರಿನ ಅಥವಾ ಬಾಟಲಿಯ ಮುಚ್ಚಳದ ಮೇಲೆ 0.9 ಅಥವಾ 1.1 ಎಂಬಂಥ ಅಂಕಿ ಇರುತ್ತದೆ, ಅದು ಒತ್ತಡದ ಅಳತೆ, ಬಾರ್ ಲೆಕ್ಕದಲ್ಲಿ. ತಣ್ಣಗಿನ ಎಂಜಿನ್ನಿಗೆ ಕೈಪಂಪಿನಿಂದ ಅಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಬೇಕು. ಹೆಚ್ಚು ಕೊಟ್ಟರೆ ಗಟ್ಟಿಯಿದ್ದ ಜೋಡೂ ಬಿಟ್ಟೀತು. ಪಂಪಿನ ಮೀಟರಿನ ಮುಳ್ಳು ಇಳಿದರೆ ಎಲ್ಲಾದರೂ ಹನಿ ಕಂಡೀತು. ಮುಳ್ಳು ಇಳಿದೂ ಹೊರಗೆ ಹನಿ ಇಲ್ಲವೇ? ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಹೀಟರ್ ಕೋರ್, ಅಂದರೆ ಗಾಡಿಯೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್, ಒಡೆದಿದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದಂತಿದ್ದರೆ, ಇಲ್ಲವೇ ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರದ ಕಡೆ ನೋಡಬೇಕು. ಮಳೆಗಾಲದಲ್ಲಿ ಬರೀ ಎರಡು ಕಿಲೋಮೀಟರ್ ಓಡುವ ಗಾಡಿಯ ಆಯಿಲ್ ಮುಚ್ಚಳದಡಿ ಮಾತ್ರ ಅಂಥ ಬಿಳಿ ನೊರೆ ಕಂಡರೆ ಅದು ತೇವ ಅಷ್ಟೇ.

ಮುಚ್ಚಳವನ್ನೂ ಪರೀಕ್ಷಿಸಿ. ಅರ್ಧ ನೀರು ಅರ್ಧ ಕೂಲೆಂಟ್ ಬೆರೆತ ದ್ರವ ತೆರೆದ ಪಾತ್ರೆಯಲ್ಲಿ ಸುಮಾರು 108 ಡಿಗ್ರಿಗೆ ಕುದಿಯುತ್ತದೆ, 1 ಬಾರ್ ಒತ್ತಡದಲ್ಲಿ 125 ದಾಟುತ್ತದೆ. ಮುಚ್ಚಳದ ರಬ್ಬರ್ ಸತ್ತರೆ ಒತ್ತಡ ನಿಲ್ಲದೆ ಕೂಲೆಂಟ್ ಉಕ್ಕಿ ಹೋಗುತ್ತದೆ. ಎಲ್ಲೂ ತೂತಿಲ್ಲ, ಆದರೂ ಬಾಟಲಿ ಖಾಲಿ. ಇಡೀ ವ್ಯವಸ್ಥೆಯಲ್ಲಿ ಅಗ್ಗದ ವಸ್ತು ಇದೇ, ಕೊನೆಗೆ ನೆನಪಾಗುವುದೂ ಇದೇ.

ಹೋಸ್ ಪೈಪ್ ಹೋಗಿದ್ದರೆ ಕೆಲಸ ಸುಲಭ. ಪುಣೆಯ ನಾನಾ ಪೇಠೆಯ ಸ್ಪೇರ್ ಅಂಗಡಿಗೆ ಹಳೆಯ ಪೈಪನ್ನೇ ಒಯ್ದು ಅದೇ ತಿರುವಿನದು ತನ್ನಿ. ಅಂಟಿಕೊಂಡ ಪೈಪನ್ನು ಜಗ್ಗಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿಯೇ ಮುರಿದೀತು, ಆದ್ದರಿಂದ ಉದ್ದಕ್ಕೆ ಸೀಳಿ ಬಿಡಿಸಿ. ಹೊಸ ಕ್ಲಿಪ್ ಮೂತಿಯ ಉಬ್ಬಿನಿಂದ ಆಚೆ, ಮೂತಿಯ ತುದಿಯ ಕಡೆಗಲ್ಲ, ಬುಡದ ಕಡೆಗೆ ಕೂರಬೇಕು. ಸೋರಿಕೆ ನಿಲ್ಲಿಸುವ ಪುಡಿಯನ್ನು ನಾನಂತೂ ಹೇಳಲಾರೆ. ತೂತಿನ ಜೊತೆಗೆ ಹೀಟರ್ ಕೋರಿನ ಸಣ್ಣ ಕೊಳವೆಗಳನ್ನೂ ಅದು ಕಟ್ಟಿಬಿಡುತ್ತದೆ.

ತುಂಬುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯದೇ ಇರಲಿ, ಬಣ್ಣ ನೋಡಿ ನಂಬಬೇಡಿ. ನೀರು ಬೆರೆಸದೆ ಮಾರುವ ಗಟ್ಟಿ ಕೂಲೆಂಟಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ. ರೆಡಿ ಮಿಕ್ಸ್ ಆದರೆ ನೀರು ಬೇಡ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನ ಸುರಿಯಿರಿ. ಸ್ಕ್ರೂವಿನಿಂದ ಗುಳ್ಳೆ ನಿಂತ ಮೇಲೆ ಬಿಗಿಮಾಡಿ ಎಂಜಿನ್ ಓಡಿಸಿ. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿದರೆ ಸ್ವಲ್ಪ ಇಳಿದಿರುತ್ತದೆ, ಅದು ಒಳಗಿದ್ದ ಗಾಳಿ ಹೊರಬಿದ್ದ ಲೆಕ್ಕ.

ಘಾಟಿಯಲ್ಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿದರೆ ಏಸಿ ಆರಿಸಿ, ಹೀಟರ್ ಹಾಕಿ, ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಹಬೆ ಬರುತ್ತಿದ್ದೂ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ ತಣ್ಣಗಾಯಿತೆಂದು ಹೊರಡಬೇಡಿ. ಸೆನ್ಸರ್ ಮುಳುಗುವಷ್ಟು ಕೂಲೆಂಟೂ ಉಳಿದಿಲ್ಲ ಎಂದರ್ಥ. ಮುಕ್ಕಾಲು ಗಂಟೆಯಾದರೂ ಮುಚ್ಚಳ ಮುಟ್ಟಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಟ್ಟೀತು.

ಇಳಿಸಿದ ಹಳೆಯ ಕೂಲೆಂಟನ್ನು ಟ್ರೇಯಲ್ಲಿ ಬಿಡಬೇಡಿ. ಸಿಹಿಯಿರುವುದರಿಂದ ಸೊಸೈಟಿಯ ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಡಬ್ಬಿಗೆ ತುಂಬಿ, ಹಳೆಯ ಕೂಲೆಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ನಮಸ್ಕಾರ.